ಗುಂಡಣ್ಣ ಕೂತರೆ ಪೈಪು ಬಗ್ಗುತ್ತಿತ್ತು

ಗುಂಡಣ್ಣನನ್ನು ನಾನು ಮೊದಲು ನೋಡಿದ್ದು ಎಪ್ಪತ್ತೆಂಟರಲ್ಲಿ, ದಾಸರಹಳ್ಳಿಯ ನಮ್ಮ ಶೆಡ್ಡಿನ ಬಾಗಿಲಿಗೆ ಆತ ಅಡ್ಡ ನಿಂತಾಗ. ಒಳಗೆ ಕತ್ತಲಾಯಿತು. ವೆಲ್ಡಿಂಗ್ ಕನ್ನಡಕ ತೆಗೆಯುವುದನ್ನು ಮರೆತೆನೇನೋ ಎಂದು ಮುಖ ಮುಟ್ಟಿ ನೋಡಿಕೊಂಡೆ.

ಆತನ ಸೈಕಲ್ಲಿನ ಸೀಟಿನ ಕೊಳವೆ ಸೊಟ್ಟಗಾಗಿತ್ತು, ನೆಟ್ಟಗೆ ಮಾಡಿಸಲು ಬಂದಿದ್ದ. ಯಶವಂತಪುರದ ಒಂದು ಸೊಸೈಟಿಯಲ್ಲಿ ಗುಮಾಸ್ತ, ತೂಕ ನೂರಹನ್ನೆರಡು ಕೆ.ಜಿ. ಆ ಕಚೇರಿಯವರು ಒಮ್ಮೆ ಗ್ರೂಪ್ ಫೋಟೊಗೆಂದು ಆತನನ್ನು ನಿಲ್ಲಿಸಿ, ಆಮೇಲೆ ಚೌಕಟ್ಟಿಗೆ ಹಿಡಿಸುವುದಿಲ್ಲ ಎಂದು ಪಕ್ಕಕ್ಕೆ ಕಳಿಸಿದ್ದರಂತೆ. ಅಂಥವರಿಗೆ ಏನನ್ನಬೇಕೆಂದು ನನಗೆ ಚೆನ್ನಾಗಿ ಗೊತ್ತು, ಆದರೆ ಬರೆಯುವ ಹಾಗಿಲ್ಲ.

ನಮ್ಮ ಕಸುಬು ಪೈಪಿನ ಕುರ್ಚಿ ಮಾಡುವುದು. ಶೆಡ್ಡಿನ ಯಜಮಾನ ನಾಗಲಿಂಗಪ್ಪ ಗದಗದ ಕಡೆಯವನು, ಕಡ್ಡಿ ಪೈಲ್ವಾನ್. ನಾನು ಅಬ್ಬಿಗೆರೆಯ ವೆಂಕಟೇಶಪ್ಪ, ಅವನ ವೆಲ್ಡರ್. ಪೈಪು ಬಗ್ಗಿಸಲು ನಮ್ಮಲ್ಲಿ ಇದ್ದದ್ದು ಒಂದು ಕೈಯಂತ್ರ. ಕಬ್ಬಿಣದ ಬೆಂಚಿನ ಮೇಲಿನ ಚಕ್ರಕ್ಕೆ ಪೈಪನ್ನು ಸಿಕ್ಕಿಸಿ, ಐದಡಿ ಉದ್ದದ ಹಿಡಿಯನ್ನು ಕೆಳಕ್ಕೆ ಎಳೆದರೆ ಪೈಪು ಚಕ್ರದ ಸುತ್ತ ಬಾಗಬೇಕು. ಅವತ್ತು ನಾಗಲಿಂಗಪ್ಪ ಆ ಹಿಡಿಗೆ ಜೋತುಬಿದ್ದು ಕಾಲು ಬಡಿಯುತ್ತಿದ್ದ, ಪೈಪು ಜಗ್ಗಲಿಲ್ಲ. ನಿಂತು ಸುಸ್ತಾದ ಗುಂಡಣ್ಣ ಕೂರಲು ಜಾಗ ಕಾಣದೆ ಹಿಡಿಯ ತುದಿಯ ಮೇಲೆ ಕುಳಿತ. ಪೈಪು ಮರುಮಾತಿಲ್ಲದೆ ಬಗ್ಗಿತು.

ನಾಗಲಿಂಗಪ್ಪ ನೆಲದಿಂದಲೇ ಕೇಳಿದ. "ಸಾಹೇಬ್ರ, ನಾಳೆ ಬರ್ತೀರೇನ್ರಿ?"

ನಾಲ್ಕು ವರ್ಷ ಬಂದ. ಕಚೇರಿ ಬಿಟ್ಟೊಡನೆ ಸೈಕಲ್ಲೇರಿ ಹಾಜರು. ನಾಗಲಿಂಗಪ್ಪನ ಹೆಂಡತಿ ಪಾರವ್ವ ಬಿಸಿಬಿಸಿ ಮಿರ್ಚಿ ಭಜಿ ಕರಿದು ಕೊಡುತ್ತಿದ್ದಳು. ಗುಂಡಣ್ಣ ಪೂರ್ತಿ ಕೂತರೆ ತೊಂಬತ್ತು ಡಿಗ್ರಿ, ಒಂದೇ ತೊಡೆ ಊರಿದರೆ ನಲವತ್ತೈದು. ಗೋಡೆಯ ಮೇಲಿನ ನಕಾಶೆಗಳಲ್ಲಿ ‘ಅರ್ಧ ಗುಂಡಣ್ಣ’, ‘ಮುಕ್ಕಾಲು ಗುಂಡಣ್ಣ’ ಎಂದೇ ಬರೆದಿರುತ್ತಿತ್ತು. ಪೀಣ್ಯದಿಂದ ಬಂದ ಎಂಜಿನಿಯರೊಬ್ಬ ಇದು ಯಾವ ದೇಶದ ಅಳತೆ ಎಂದು ಕೇಳಿದ್ದಕ್ಕೆ ನಾನು ಜರ್ಮನಿ ಎಂದೆ. ಆತ ಬರೆದುಕೊಂಡ.

ಎಂಬತ್ತೆರಡರಲ್ಲಿ ಗುಂಡಣ್ಣನಿಗೆ ಸಕ್ಕರೆ ಕಾಯಿಲೆ ಬಂತು. ಹೆಂಡತಿ ಕೃಷ್ಣವೇಣಿ ರಾಗಿ ಗಂಜಿ, ಹಾಗಲಕಾಯಿ ಎಂದು ಹಟ ಹಿಡಿದು ಆತನನ್ನು ತೊಂಬತ್ತೊಂದಕ್ಕೆ ಇಳಿಸಿದಳು. ಪೈಪು ಸಾಕಷ್ಟು ಬಾಗದೆ ನಮ್ಮ ಕುರ್ಚಿಗಳ ಬೆನ್ನು ನೆಟ್ಟಗಾಯಿತು. ಒಂದು ಕಲ್ಯಾಣ ಮಂಟಪದವರು ಎರಡು ಡಜನ್ ವಾಪಸು ಕಳಿಸಿದರು. ಅವುಗಳಲ್ಲಿ ಕೂತವರು ಮದುವೆಗಲ್ಲ, ಸಾಕ್ಷಿ ಹೇಳಲು ಬಂದವರಂತೆ ಕಾಣುತ್ತಾರಂತೆ.

ಗುಂಡಣ್ಣ ಗಾಬರಿಯಾಗಿ, ತೂಕ ಮತ್ತೆ ಏರಲೆಂದು ದಿನದ ಭಜಿಯನ್ನು ಹದಿನೈದಕ್ಕೆ ಏರಿಸಿದ. ಸುದ್ದಿ ತಿಳಿದು ಕೃಷ್ಣವೇಣಿ ಶೆಡ್ಡಿಗೇ ಬಂದಳು.

"ಪೈಪ್ ಬಗ್ಸೋಕೆ ನನ್ ಗಂಡನೇ ಬೇಕೇನ್ರೀ? ಲಾರಿ ಎತ್ತೋಕೆ ಜಾಕ್ ಇರುತ್ತಲ್ಲ, ಅದನ್ನ ತಂದಿಟ್ಕೊಳ್ಳಿ. ಅದಕ್ಕಂತೂ ಶುಗರ್ ಬರಲ್ಲ."

ನಾಗಲಿಂಗಪ್ಪ ನಾಚಿಕೆಯಿಂದ ತಲೆ ತಗ್ಗಿಸಿದ. ಮರುದಿನವೇ ನಾಗಸಂದ್ರದ ಗ್ಯಾರೇಜಿನ ದಸ್ತಗೀರನಿಂದ ಎಣ್ಣೆಯ ಒತ್ತಡದಲ್ಲಿ ಏಳುವ ಹೈಡ್ರಾಲಿಕ್ ಜಾಕ್ ಬಂತು. ಗುಂಡಣ್ಣ ಅದನ್ನು ಸವತಿಯನ್ನು ನೋಡಿದ ಹಾಗೆ ನೋಡಿದ.

"ಇದು ಬಂದ್ಮೇಲೆ ನಾನ್ಯಾಕೆ ಬರ್ಬೇಕು ವೆಂಕಟೇಶಪ್ಪ?" ಎಂದ. "ನಂಗೆ ಬನ್ನಿ ಬನ್ನಿ ಅಂದಿದ್ದು ಇದೊಂದೇ ಜಾಗ ಕಣ್ರೀ."

ನಾನು ಕನ್ನಡಕ ಏರಿಸಿಕೊಂಡೆ. ವೆಲ್ಡಿಂಗ್ ರಾಡು ಉರಿಸಿದೆ.

ನಾಗಲಿಂಗಪ್ಪ ಹಿಡಿಗೆ ಹಿಂದುಗಡೆ ಒಂದು ಬಾಲ ಜೋಡಿಸಿ, ಅದರ ಕೆಳಗೆ ನೆಲದ ಮೇಲೆ ಜಾಕ್ ಇಟ್ಟ. ಬಾಲ ಮೇಲೆದ್ದರೆ ಹಿಡಿ ತಾನಾಗಿ ಕೆಳಗಿಳಿಯುತ್ತದೆ ಎಂಬುದು ಲೆಕ್ಕ. ತೆಂಗಿನಕಾಯಿ ಒಡೆದಾಯಿತು. ಪಾರವ್ವ ಒಂದು ಕೈಯಲ್ಲಿ ಭಜಿ ಎತ್ತುವ ಜಾರಾ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಜಾಕ್ ಒತ್ತಿದಳು. ಹಿಡಿ ಇಳಿಯಿತು, ಪೈಪು ಒಂದಿಷ್ಟು ಬಾಗಿತು. ಅಷ್ಟರಲ್ಲಿ ಬೆಂಚೇ ಹಿಂಗಾಲೆತ್ತಿ ಒದೆಯುವ ಎಮ್ಮೆಯಂತೆ ಮೇಲೆದ್ದಿತು. ಪಾರವ್ವ ಜಾರಾ ಬಿಟ್ಟು ಓಡಿದಳು.

ತಪ್ಪು ನನಗೆ ಕೂಡಲೇ ತಿಳಿಯಿತು. ಜಾಕ್ ನೆಲದ ಮೇಲಿದ್ದರೆ ಬೆಂಚನ್ನೂ ಸೇರಿಸಿ ಎತ್ತುತ್ತದೆ. ಎರಡು ತುಂಡು ಕಬ್ಬಿಣದ ಆಂಗಲ್ ಹಾಕಿ ಜಾಕನ್ನು ಬೆಂಚಿಗೇ ವೆಲ್ಡ್ ಮಾಡಿದರೆ ಮುಗಿಯಿತು, ಅರ್ಧ ಗಂಟೆಯ ಕೆಲಸ. ಹೇಳಲು ಬಾಯಿ ತೆರೆದೆ. ಗುಂಡಣ್ಣ ಕಂಕುಳಲ್ಲಿ ಚೀಲ ಅವುಚಿಕೊಂಡು, ಬಸ್ಸಿಗೆ ಕಾಯುವವನಂತೆ ಮೂಲೆಯಲ್ಲಿ ನಿಂತಿದ್ದ. ಬಾಯಿ ಮುಚ್ಚಿದೆ.

ನಾಗಲಿಂಗಪ್ಪ ಬೆಂಚನ್ನು ನೋಡಿದ, ಜಾಕನ್ನು ನೋಡಿದ, ತಲೆ ಕೆರೆದುಕೊಂಡ. "ಗುಂಡಣ್ಣಾವ್ರ, ಬೆಂಚಿನ ಮ್ಯಾಲ ಸ್ವಲ್ಪ ಕುಂಡ್ರತೀರೇನ್ರಿ?"

ಗುಂಡಣ್ಣ ಚೀಲವನ್ನು ಮೊಳೆಗೆ ನೇತುಹಾಕಿ ಬಂದು ಕೂತ. ಬೆಂಚು ಅಲುಗಲಿಲ್ಲ. ತೊಂಬತ್ತೊಂದು ಕೆ.ಜಿ. ಧಾರಾಳವಾಗಿ ಸಾಕಾಯಿತು. ಭಜಿ ಎರಡಕ್ಕೆ ಇಳಿಯಿತು, ಕೃಷ್ಣವೇಣಿಯ ಕೋಪವೂ ಇಳಿಯಿತು. ಈಗ ತೊಡೆ ಲೆಕ್ಕ ಹಾಕುವ ಕಷ್ಟವಿಲ್ಲದ್ದರಿಂದ ಆತ ಕೂತಲ್ಲೇ ಪೇಪರ್ ಓದುತ್ತಿದ್ದ, ಸಂಪಾದಕೀಯ ನಮಗೆ ಇಷ್ಟವಿಲ್ಲದಿದ್ದರೂ ಜೋರಾಗಿ ಓದುತ್ತಿದ್ದ.

ಹೀಗೆ ಮೂರು ವರ್ಷ ಕಳೆದ ಮೇಲೆ ಒಂದು ಸಂಜೆ, ಪೇಪರಿನಿಂದ ಮುಖ ಎತ್ತದೆ ಗುಂಡಣ್ಣ ಕೇಳಿದ. "ವೆಂಕಟೇಶಪ್ಪ, ಈ ಜಾಕ್‌ನ ಬೆಂಚಿಗೇ ವೆಲ್ಡ್ ಮಾಡ್ಬಿಟ್ರೆ ಬೆಂಚ್ ಏಳಲ್ಲ ಅಲ್ವಾ?"

ನಾಗಲಿಂಗಪ್ಪನ ಸುತ್ತಿಗೆ ನಿಂತಿತು. ಅವನಿಗೂ ಮೊದಲಿನಿಂದಲೇ ಗೊತ್ತಿತ್ತೆಂದು ನನಗೆ ಗೊತ್ತಾದದ್ದು ಆಗ.

"ರಾಡ್ ಮುಗ್ದೋಗೈತೆ ಸಾರ್," ಎಂದೆ.

ಗುಂಡಣ್ಣ ನನ್ನ ಕಾಲ ಬಳಿಯಿದ್ದ ರಾಡಿನ ತುಂಬು ಡಬ್ಬದ ಕಡೆ ನೋಡಿದ. "ಯಾವಾಗ ಬರುತ್ತೆ?"

"ಸದ್ಯ ಎಲ್ಲೂ ಸಿಗಂಗಿಲ್ರಿ," ಎಂದ ನಾಗಲಿಂಗಪ್ಪ.

"ಅವಸರ ಏನಿಲ್ಲ," ಎಂದು ಗುಂಡಣ್ಣ ಪುಟ ತಿರುಗಿಸಿದ.