ಹಳೇಬೀಡಿನಲ್ಲಿ ಬಿಚ್ಚಿದ ಅಕ್ಕಿ ಮೂಟೆ

ಹಳೇಬೀಡು ಬಸ್‌ಸ್ಟ್ಯಾಂಡ್ ಎದುರಿನ ಪುಟ್ಟ ಹೋಟೆಲಲ್ಲೇ ಕೂತು ಬರೆಯುತ್ತಿದ್ದೇನೆ, ಬೇಲೂರಿನ ಬಸ್ಸು ತಪ್ಪಿದರೆ ತಪ್ಪಲಿ! ಹೋಟೆಲಿನ ಒಡತಿ ಸಾಕಮ್ಮ ಹೊಸ ಅಕ್ಕಿ ಮೂಟೆಯ ಹೊಲಿಗೆ ಬಿಚ್ಚಲು ಒದ್ದಾಡಿ, ದಾರದ ತುದಿ ಸಿಗದೆ, ಕೊನೆಗೆ ಚಾಕು ಎತ್ತಿಕೊಂಡರು. ನನ್ನೆದುರು ಕಾಫಿ ಕುಡಿಯುತ್ತಿದ್ದ ಅಮೆರಿಕದ ಅಜ್ಜಿಯೊಬ್ಬರು "ನೋ, ನೋ!" ಎಂದು ಎದ್ದೇಬಿಟ್ಟರು. ಹೊಲಿಗೆಯನ್ನು ಎರಡೂ ಬದಿ ನೋಡಿ, ಉಗುರಲ್ಲಿ ಒಂದು ಕುಣಿಕೆ ಸಡಿಲಿಸಿ, ಸರ್ರನೆ ಎಳೆದರು. ಒಂದೇ ಎಳೆತಕ್ಕೆ ಇಡೀ ದಾರ ಕೈಗೆ ಬಂತು!

"ಅಬ್ಬಾ! ಇದೆಲ್ಲಿ ಕಲಿತರಂತೆ, ಕೇಳ್ರೀ," ಅಂದರು ಸಾಕಮ್ಮ.

ಕೇಳಿ ಹೇಳಿದೆ. ಅಜ್ಜಿಯ ತಾಯಿ ಚಿಕ್ಕವಳಿದ್ದಾಗ ಅಮೆರಿಕದಲ್ಲಿ ಆರ್ಥಿಕ ಕುಸಿತ. ಕಾರ್ಖಾನೆ ಮುಚ್ಚಿ ಆ ತಾಯಿಯ ಅಪ್ಪನಿಗೆ ಕೆಲಸ ಹೋಗಿತ್ತು. ಹಿಟ್ಟಿನ ಚೀಲ ಬಿಚ್ಚಿ ಅವಳಿಗೆ ಫ್ರಾಕು ಹೊಲಿದರಂತೆ, ಹೊಲಿಯಲೂ ಆ ಚೀಲದ್ದೇ ದಾರ. ಎಷ್ಟು ಒಗೆದರೂ ಬೆನ್ನ ಮೇಲಿನ ಮಿಲ್ಲಿನ ಹೆಸರು ಹೋಗದೆ, ಹುಡುಗಿ ಶಾಲೆಯಲ್ಲಿ ಗೋಡೆಗೆ ಒರಗಿಕೊಂಡೇ ನಿಲ್ಲುತ್ತಿದ್ದಳಂತೆ. ದಾರ ತುಂಡಾಗದಂತೆ ಚೀಲ ಬಿಚ್ಚುವುದನ್ನು ಅಜ್ಜಿಗೆ ಕಲಿಸಿದ್ದು ಆ ತಾಯಿಯೇ.

"ಅಮೆರಿಕದಲ್ಲೂ ಹಿಂಗಿತ್ತಾ!" ಸಾಕಮ್ಮ ಒಳಗೆ ಓಡಿಹೋಗಿ, ತೆಂಗಿನಕಾಯಿ ಗಾತ್ರದ ಉಂಡೆಯೊಂದನ್ನು ತಂದರು. ತುಂಡಿಗೆ ತುಂಡು ಗಂಟು ಹಾಕಿ ವರ್ಷಗಟ್ಟಲೆ ಸುತ್ತಿಟ್ಟ ಮೂಟೆ ದಾರ! "ಹೂ ಕಟ್ಟಾಕೆ ನನಗೆ ಇದೇ ಕಣ್ರೀ. ಅಂಗಡಿ ದಾರ ತಂದೋಳೇ ಅಲ್ಲ ನಾನು."

ಅಜ್ಜಿಗೆ ಅನುವಾದ ಬೇಕಾಗಲಿಲ್ಲ. ಉಂಡೆಯನ್ನು ಇಸಕೊಂಡು, ತಮ್ಮ ಕೈಲಿದ್ದ ದಾರವನ್ನು ಅದರ ತುದಿಗೆ ಗಂಟು ಹಾಕಿದರು. ಹೊರಗೆ ಬಸ್ಸು ಹಾರ್ನ್ ಹೊಡೆಯಿತು, ನಾವ್ಯಾರೂ ಏಳಲಿಲ್ಲ. ಸಾಕಮ್ಮ ಗಂಟನ್ನು ಎರಡೂ ಕಡೆಯಿಂದ ಜಗ್ಗಿ ನೋಡಿದರು.

"ಗಟ್ಟಿ ಐತೆ ಕಣ್ರೀ!"