ಕೇಳದೇ ತುಂಬಿದ ಸೊನ್ನೆ

ಕಳೆದ ಭಾನುವಾರ ನನ್ನದೊಂದು ಸಲಹೆಯಿಂದ ನಮ್ಮ ಓಣಿಗೆ ಓಣಿಯೇ ಜಿಪುಣರ ಓಣಿಯಾಗಿಬಿಟ್ಟಿತ್ತು. (ಸಲಹೆ ಕೊಡುವುದರಲ್ಲಿ ಮಾತ್ರ ನಾನೆಂದೂ ಜಿಪುಣತನ ಮಾಡಿದವಳಲ್ಲ!)

ಮಗಳು ಪಲ್ಲವಿ ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ. ಓದುತ್ತಿದ್ದಾಳೆ. ಅವಳ ಪ್ರಾಜೆಕ್ಟು, ಮನೆಮನೆಯಲ್ಲಿ ಬೇಸಿಗೆಗೆ ಕುಟ್ಟಿಸಿಡುವ ವರ್ಷದ ಖಾರ. ಮೊದಲು ವಿಶ್ರಾಮಬಾಗದ ನಮ್ಮ ಓಣಿಯಲ್ಲಿ ಕೇಳಿದಳು. ಮೆಣಸಿನಕಾಯಿ ಎಷ್ಟು, ಬೆಳ್ಳುಳ್ಳಿ ಎಷ್ಟು, ಕೊಬ್ಬರಿ ಎಷ್ಟು? ಮೂರು ಕಾಲಂ. ಆಮೇಲೆ ಹತ್ತಿರದ ಹಳ್ಳಿ ಕಸಬೆ ಡಿಗ್ರಜಕ್ಕೆ ಹೋದರೆ ಅಲ್ಲಿನ ಹೆಂಗಸರು ಬಿಡಬೇಕಲ್ಲ? ‘ಎಷ್ಟು ಮನಿಗೆ ಹಂಚೇವಿ ಅನ್ನೂದನ್ನೂ ಬರ್ಕೊಳವಾ’ ಎಂದು ಪಟ್ಟು ಹಿಡಿದರು. ಹೀಗೆ ನಾಲ್ಕನೇ ಕಾಲಂ ಹುಟ್ಟಿತು.

ಸೋಮವಾರ ಪ್ರಾಜೆಕ್ಟು ಒಪ್ಪಿಸಬೇಕು. ಎರಡು ಟೇಬಲ್‌ಗಳನ್ನು ಒಂದರ ಕೆಳಗೊಂದು ಜೋಡಿಸಲು ಕೂತರೆ ಕಂಪ್ಯೂಟರ್ ಸುತರಾಂ ಒಪ್ಪಲಿಲ್ಲ.

‘ಆಯಿ, ಒಂದರಾಗ ಮೂರು ಕಾಲಂ, ಒಂದರಾಗ ನಾಕು. ಕೂಡವಲ್ಲವು!’ ಪಲ್ಲವಿಗೆ ಅಳುವೇ ಬಂದಿತ್ತು.

‘ಇಷ್ಟ ಹೌದಿಲ್ಲೊ? ಖಾಲಿ ಇದ್ದಲ್ಲಿ ಸೊನ್ನಿ ತುಂಬು’ ಎಂದೆ. ತುಂಬಿದಳು. ಕೂಡಿಯೇಬಿಟ್ಟವು! ನಾನು ಬೀಗುತ್ತ ಚಹಾಕ್ಕಿಟ್ಟೆ.

ಅಷ್ಟರಲ್ಲಿ ಪಕ್ಕದ ಮನೆಯ ಸುಶೀಲಾ ಮಾವಶಿ ಬಂದರು. ಸ್ಕ್ರೀನ್ ಮೇಲೆ ತಮ್ಮ ಹೆಸರು ಹುಡುಕಿದರು. ಹಂಚಿದ ಮನೆಗಳ ಕಾಲಂನಲ್ಲಿ ಸೊನ್ನೆ!

‘ಸೊನ್ನಿ? ನನಗ? ನಿಮ್ಮ ಡಬ್ಬಿಯೊಳಗಿನ ಖಾರ ಯಾರು ಕೊಟ್ಟಿದ್ದವಾ?’

(ಅವರೇ ಕೊಟ್ಟದ್ದು.)

ಪಲ್ಲವಿ ನಾಲಿಗೆ ಕಚ್ಚಿಕೊಂಡಳು. ಕೇಳದೇ ಇದ್ದಲ್ಲಿ ‘ಎನ್ಎ’, ಅಂದರೆ ‘ಮಾಹಿತಿ ಇಲ್ಲ’ ಎಂದು ತುಂಬಿ ಜೋಡಿಸುವ ದಾರಿ ಪ್ರೋಗ್ರಾಮಿನಲ್ಲೇ ಇದೆಯಂತೆ. ಸೊನ್ನೆ ಬರೆದರೆ, ಕೇಳಿದೆವು, ಅವರು ಯಾರಿಗೂ ಕೊಡುವುದಿಲ್ಲ ಎಂದರು ಅಂತ ಅರ್ಥ. ಅವಳ ಸರ್ ಮೊದಲ ಕ್ಲಾಸಿನಲ್ಲೇ ಹೇಳಿದ್ದರಂತೆ. ಅವ್ವನ ಮಾತು ಕೇಳಿ ಹುಡುಗಿ ಕೆಟ್ಟಳು!

‘ಅದೇನ ಎನ್ಎ ಹಚ್ಚೀದಿ? ನಡಿ ಪೋರಿ, ಕೇಳಕೊಂಡ ಬರೂಣು’ ಎಂದು ಮಾವಶಿ ಅವಳನ್ನು ಕೈಹಿಡಿದು ಎಬ್ಬಿಸಿದರು. ನಾನೂ ಹಿಂದೆ ಹೊರಟೆ.

ಹನ್ನೆರಡು ಮನೆ. ಗಡಿಸೀಮೆಯ ಓಣಿಯಲ್ಲವೇ, ಪಲ್ಲವಿಯ ಪ್ರಶ್ನೆ ಅರ್ಧ ಮರಾಠಿ, ಅರ್ಧ ಕನ್ನಡ. ಎಂಥ ಹುರುಪು ಓಣಿಗೆ! ಒಬ್ಬರು ಆರು ಮನೆ ಎಂದರು. ಇನ್ನೊಬ್ಬರು ಬೆರಳು ಮಡಚುತ್ತ ಮಿರಜದ ನಾದಿನಿಯನ್ನೂ ಸೇರಿಸಿದರು. ಯಾರ ಜೊತೆಗೂ ಬೆರೆಯದ ಮೂಲೆಮನೆಯ ಕಾಕಾ ‘ನಾಕು ಮನಿ’ ಎಂದರು. ಹೆಂಡತಿ ತೀರಿಕೊಂಡ ಮೇಲೂ ಪ್ರತಿ ಬೇಸಿಗೆ ಖಾರ ಕುಟ್ಟಿಸಿ, ಆಕೆಯ ಗೆಳತಿಯರಿಗೆ ತಾವೇ ಮುಟ್ಟಿಸಿ ಬರುತ್ತಾರಂತೆ! ನಾನು ಅವರನ್ನು ಕಡುಜಿಪುಣ ಎಂದೇ ತಿಳಿದಿದ್ದೆ. ಒಂದು ದಿನವಾದರೂ ಮಾತಾಡಿಸಿದ್ದೆನೇ?

ಸಂಜೆಯೊಳಗೆ ಎರಡೂ ಟೇಬಲ್ ಜಗಳವಿಲ್ಲದೆ ಒಂದಾದವು. ಪಲ್ಲವಿ ಕುಣಿದಾಡಿದಳು, ಮಾವಶಿಗೆ ಎರಡನೇ ಕಪ್ ಚಹಾ ಆಯಿತು.

ಇಡೀ ಓಣಿಯಲ್ಲಿ ಉಳಿದದ್ದು ಒಂದೇ ಸೊನ್ನೆ, ನಮ್ಮ ಮನೆಯದು. ಅದನ್ನು ಪಲ್ಲವಿ ನನ್ನನ್ನು ಕೇಳಿಯೇ ಬರೆದಳು.