ಚಳಿಗಾಲದ ಮಾವಿನ ವಾಸನೆ

ನಮ್ಮ ಅಡಿಗೆ ಅಕ್ಕನ ಕಣ್ಣುಗಳು ಸದಾ ಕೆಂಪಗಿರುತ್ತಿದ್ದವು, ಆಗಷ್ಟೇ ಅತ್ತು ಬಂದವಳ ಹಾಗೆ. ಆದರೆ ಅವಳು ಅತ್ತದ್ದನ್ನು ನಾನು ಕಂಡಿಲ್ಲ. ಜೀವಮಾನವೆಲ್ಲ ಕಟ್ಟಿಗೆ ಒಲೆಯ ಮುಂದೆ ಕೂತ ಕಣ್ಣುಗಳವು. ಬೇವೂರಿನ ಕಡೆಯವಳು, ಯಲಬುರ್ಗಾ ತಾಲೂಕಿನ ನಮ್ಮೂರಿಗೆ ಸೊಸೆಯಾಗಿ ಬಂದು, ಸರಕಾರಿ ಪ್ರೌಢಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು. ಹೆಸರು ಹಿಡಿದು ಕರೆದವರಿಲ್ಲ. ಮಕ್ಕಳಿಗೂ ಮಾಸ್ತರರಿಗೂ ಅವಳು ಅಡಿಗೆ ಅಕ್ಕ.

ಸಾರಿಗೆ ಉಪ್ಪು ಸಾಕೇ ಎಂದು ಅವಳು ನಾಲಿಗೆಗೆ ಹಚ್ಚಿ ನೋಡುತ್ತಿರಲಿಲ್ಲ. ಮುಚ್ಚಳ ಸರಿಸಿ ಮೂಸುತ್ತಿದ್ದಳು. "ನಾಲಗಿ ಸುಳ್ಳು ಹೇಳತೈತವ್ವ, ಮೂಗು ಹೇಳಂಗಿಲ್ಲ" ಎನ್ನುವಳು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಬೆಂಚಿಗೆ ಒಂದು 'ಪೆನ್ನು' ಬಂತು. ಬರೆಯುವ ಪೆನ್ನಲ್ಲ, ವೇಪ್ ಎನ್ನುವ ಬ್ಯಾಟರಿಯ ಹೊಗೆಕೊಳವೆ. ಗೆಳತಿ ತನ್ನ ಅಣ್ಣನ ಚೀಲದಿಂದ ಎತ್ತಿ ತಂದಿದ್ದಳು. ನೀರಿನ ಟ್ಯಾಂಕಿನ ಹಿಂದೆ ನಿಂತು ಎಳೆದರೆ ಬಾಯಿ ತುಂಬ ಮಾವಿನ ಹಣ್ಣು. ಬಿಟ್ಟ ಬಿಳಿ ಹೊಗೆ ಎಳೆಬಿಸಿಲಿನಲ್ಲಿ ಅರಳೆಯಂತೆ ಬಿಚ್ಚಿಕೊಂಡು, ದೂರದ ದಿನ್ನೆಯ ಗಾಳಿಯಂತ್ರಗಳ ರೆಕ್ಕೆಗಳನ್ನು ಗಳಿಗೆಹೊತ್ತು ಮರೆಮಾಡುತ್ತಿತ್ತು. ಗಂಟೆ ಬಾರಿಸಿದ್ದು ಬೇರೆ ಯಾವುದೋ ಊರಿನಲ್ಲಿ ಎನ್ನಿಸುತ್ತಿತ್ತು. ಅದು ಸಿಗರೇಟಲ್ಲ, ಬರೀ ಹಣ್ಣಿನ ಆವಿ ಎಂದು ನಾವು ನಂಬಿದ್ದೆವು. ಎರಡು ತಿಂಗಳಲ್ಲಿ, ಅದು ಸಿಗದ ರವಿವಾರ ನನ್ನ ತಲೆ ಸಿಡಿಯತೊಡಗಿತು.

ಸಂಕ್ರಾಂತಿಯ ಹಿಂದಿನ ವಾರ ತಾಟು ಹಿಡಿದು ಅನ್ನಕ್ಕೆ ನಿಂತಿದ್ದೆ. ಅಕ್ಕನ ಸೌಟು ಅರ್ಧಕ್ಕೇ ನಿಂತಿತು.

"ಈ ಥಂಡ್ಯಾಗ ಮಾವಿನಹಣ್ಣು ಎಲ್ಲಿ ಸಿಕ್ತವ್ವ ನಿನಗ?"

"ಚಾಕಲೇಟ್ ಅಕ್ಕಾ" ಎಂದೆ.

ಅವಳು ಅನ್ನ ಬಡಿಸಿದಳು. ಊಟ ಮುಗಿದ ಮೇಲೆ ಪಾತ್ರೆ ಎತ್ತಿಡುವ ನೆವದಲ್ಲಿ ನನ್ನನ್ನು ಕರೆದು, ಅಡಿಗೆ ಕೋಣೆಯ ಬಾಗಿಲು ಮುಂದೆ ಮಾಡಿ ಕೈ ಚಾಚಿದಳು. ಲಂಗದ ಜೇಬಿನಿಂದ ಆ ಪೆನ್ನು ತೆಗೆದು ಕೊಟ್ಟೆ.

"ನಾ ಹೊಟ್ಟಿಪಾಡಿಗೆ ಹೊಗಿ ಕುಡದಾಕಿ" ಎಂದಳು. ಕೆಮ್ಮು ಬಂತು, ನಿಲ್ಲುವವರೆಗೆ ಕಾದಳು. "ನೀ ಯಾರ ಹೊಟ್ಟಿ ತುಂಬಸಾಕ ಕುಡಿಯಾಕತ್ತಿ?"

ಅಪ್ಪನಿಗೆ ಹೇಳಬೇಡವೆಂದು ಅವಳ ಕಾಲು ಹಿಡಿದೆ. ನನಗೆ ಹೊಡೆತದ ಹೆದರಿಕೆಯಲ್ಲ. ದೊಡ್ಡಪ್ಪನ ಮಗಳನ್ನು ಮೊಬೈಲಿನ ವಿಷಯಕ್ಕೆ ಶಾಲೆ ಬಿಡಿಸಿ, ಅದೇ ವರ್ಷ ಗಂಡು ಹುಡುಕಿದ್ದರು.

"ಹೇಳಂಗಿಲ್ಲ ಏಳು. ನಾಳಿಂದ ಪ್ರಾರ್ಥನಾಕ್ಕಿಂತ ಮೊದಲ ಇಲ್ಲಿ ಬಾ. ಅಕ್ಕಿ ಆರಸು."

ಆ ಮುಂಜಾನೆಗಳು ಈಗಲೂ ಅರೆನಿದ್ದೆಯಲ್ಲಿ ಬಂದು ಹೋಗುತ್ತವೆ. ಕಿಟಕಿಯಿಂದ ಓರೆಯಾಗಿ ಬಿದ್ದ ಬಿಸಿಲು, ಅದರಲ್ಲಿ ತೇಲುವ ಅಕ್ಕಿಯ ಹೊಟ್ಟು, ಮೊರದ ಒಂದೇ ಲಯದ ಸಪ್ಪಳ. ಮೊದಲ ವಾರ ಸುಮ್ಮಸುಮ್ಮನೆ ಸಿಟ್ಟು ಬರುತ್ತಿತ್ತು. ಒಮ್ಮೆ ಮೊರವನ್ನೇ ಎಸೆದುಬಿಟ್ಟೆ. ಅವಳು ಚೆಲ್ಲಿದ ಅಕ್ಕಿಯನ್ನು ಬಳಿದು ತಂದು, ನನ್ನ ಬಾಯಿಗೆ ಹುರಿದ ಶೇಂಗಾ ಹಾಕಿ, "ಇನ್ನೊಮ್ಮೆ ಆರಸು" ಎಂದಳು, ಅಷ್ಟೇ.

ಶಿವರಾತ್ರಿಯ ಹೊತ್ತಿಗೆ ಶೌಚಾಲಯದಲ್ಲಿ ಇನ್ನೊಂದು ವೇಪ್ ಸಿಕ್ಕಿತು. ಹೆಡ್‌ಮಾಸ್ತರರು ಪಾಲಕರ ಸಭೆ ಕರೆದರು. ಅಪ್ಪನೂ ಬಂದಿದ್ದ; ನಾವು ಮಕ್ಕಳು ಹಿಂದಿನ ಗೋಡೆಗೆ ಸಾಲಾಗಿ ನಿಂತಿದ್ದೆವು. ಸಿಕ್ಕವರಿಗೆ ಟಿ.ಸಿ. ಕೊಟ್ಟು ಕಳಿಸುವುದೇ ಎಂದು ಮಾಸ್ತರರು ಹೇಳುತ್ತಿದ್ದಂತೆ, ಅಡಿಗೆ ಅಕ್ಕ ಸೆರಗಿಗೆ ಕೈ ಒರೆಸುತ್ತ ಬಂದು ನಿಂತಳು.

"ಸರ, ಹೊರಗ ಹಾಕಿದ್ರ ಸಾಲಿ ಸ್ವಚ್ಛ ಆಗತೈತ್ರಿ. ಆ ಹುಡುಗೂರು ಎಲ್ಲಿ ಹೋಗಬೇಕ್ರಿ?"

"ಯಾರಂತ ನಿನಗ ಗೊತ್ತೈತೇನು?"

"ಗೊತ್ತೈತ್ರಿ. ಹೇಳಂಗಿಲ್ಲ."

"ಹೇಳಲಿಲ್ಲಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ."

"ಬ್ಯಾರೆ ಅಡಿಗಿಯಾಕಿ ಸಿಗ್ತಾಳ್ರಿ ಸರ. ಬಿಟ್ಟು ಹೋದ ಹುಡುಗಿ ತಿರುಗಿ ಸಿಗಂಗಿಲ್ಲ."

ಹುಡುಗಿ ಎಂದುಬಿಟ್ಟಳಲ್ಲ ಎಂದು ತಟ್ಟನೆ ಅಪ್ಪನ ಕಡೆ ನೋಡಿದೆ. ಅಪ್ಪ ಅವಳನ್ನೇ ನೋಡುತ್ತಿದ್ದ; ನನ್ನ ಕಡೆ ತಿರುಗಲಿಲ್ಲ. ಮಾಸ್ತರರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಕೆಟ್ಟವರಲ್ಲ, ಹೆದರಿದ್ದರು. ಕೊನೆಗೆ, ಶನಿವಾರದೊಳಗೆ ಯಾರ ಬಳಿ ಏನಿದೆಯೋ ಅಡಿಗೆ ಕೋಣೆಯಲ್ಲಿ ಇಟ್ಟುಹೋಗಲಿ, ಹೆಸರು ಕೇಳುವುದಿಲ್ಲ ಎಂದರು. ಶನಿವಾರ ಖಾಲಿ ಪಾತೇಲಿಯೊಳಗೆ ನಾಲ್ಕು ವೇಪ್ ಬಿದ್ದಿದ್ದವು. ಅಕ್ಕ ಸೋಮವಾರವೂ, ಮುಂದಿನ ವರ್ಷವೂ ಕೆಲಸಕ್ಕೆ ಬಂದಳು. ನಾನು ಹತ್ತನೆಯ ತರಗತಿ ಪಾಸಾದೆ.

ಈಗ ಕೊಪ್ಪಳದಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ಹೋದ ಮಳೆಗಾಲ ವಾರ್ಡಿಗೆ ಅವಳನ್ನು ಕರೆತಂದರು. ಎದೆ ಹೊಗೆಯಲ್ಲೇ ಸವೆದುಹೋಗಿತ್ತು. ಆಕ್ಸಿಜನ್ ಮಾಸ್ಕಿನ ಒಳಗಿನ ಮಂಜಿನಲ್ಲಿ ಅವಳ ತುಟಿ ಅಲುಗುತ್ತಿತ್ತು. ಸರಿಸಿ ಕಿವಿಯಿಟ್ಟೆ.

"ಉಂಡಿ ಏನವ್ವ?" ಎಂದಳು.

ಮೂರನೆಯ ದಿನ ಹೋಗಿಬಿಟ್ಟಳು.

ಊರಿಗೆ ಬಂದು, ಆ ಸಂಜೆ ಅವ್ವನಿಗೆ ಎಲ್ಲ ಹೇಳಿದೆ. ವಾರವಾರ ಮಹಿಳಾ ಸಂಘದ ಸಭೆಯಲ್ಲಿ ಅಕ್ಕನ ಪಕ್ಕದಲ್ಲೇ ಕೂತಿದ್ದವಳು ನಮ್ಮವ್ವ. ನನ್ನನ್ನು ಬೈಯುತ್ತಾಳೆಂದು ತಲೆ ತಗ್ಗಿಸಿ ಕಾದೆ.

"ಇಷ್ಟು ವರ್ಷ ಇದನ್ನ ಆಕಿ ಒಬ್ಬಾಕೀನ ಹೊತ್ಕೊಂಡು ತಿರುಗಿದ್ಲೇನ?" ಎಂದಳು ಅವ್ವ.

ಆಮೇಲೆ ಎದ್ದು ಜೋಳದ ಹಿಟ್ಟಿನ ಡಬ್ಬಿ ಇಳಿಸಿದಳು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅವ್ವ ರೊಟ್ಟಿ ಬಡಿದಳು, ನಾನು ಬೇಯಿಸಿದೆ. ಕತ್ತಲಾಗುವ ಮೊದಲು ಬುತ್ತಿ ಕಟ್ಟಿಕೊಂಡು ಇಬ್ಬರೂ ಅವಳ ಮನೆಯ ಕಡೆ ನಡೆದೆವು.